ಗಳಿಗಿ ಮುರಿಯದ ಹೆಸರು

ಎಷ್ಟು ಸಣ್ಣ ಕಿವಿ, ತೊಗರಿ ಹೂವಿನಷ್ಟು, ಅಂಚಿಗೆ ಎಣ್ಣೆಯ ಮಿಂಚು — ಕುರ್ರ್ ಅನ್ನಬೇ ದಾನವ್ವ, ಎಷ್ಟೊತ್ತು ಹಿಂಗ ಬಾಗಿ ನಿಂದರತಿ, ಹಿಂದಿನಿಂದ ಯಾರೋ ಅಂದರು, ಮುಷ್ಟಿ ಕಟ್ಟಿ ನಿಂತ ಹೆಂಗಸರೆಲ್ಲ ನಕ್ಕರು, ಸೋದರತ್ತೆ ಕೂಸಿನ ಕಿವಿಯಲ್ಲಿ ಹೆಸರು ಕರೆದ ಕೂಡಲೇ ಅವಳ ಬೆನ್ನಿಗೆ ಗುದ್ದಬೇಕು, ಅದು ಪದ್ಧತಿ, ಆದರೆ ದಾನವ್ವನ ಬಾಯಿ ಒಣಗಿದೆ, ಮುಂಜಾನೆ ತಿಳವಳ್ಳಿಯಲ್ಲಿ ಬಸ್ಸು ಹತ್ತಿದಾಗಿನಿಂದ ಒಣಗಿದೆ, ಹಾನಗಲ್ಲ ದಾಟಿ ಶಿಗ್ಗಾಂವಿಯಲ್ಲಿ ತಡಸದ ಬಸ್ಸಿಗೆ ಕಾಯುವಾಗಲೂ ಒಳಗೆ ಒಂದೇ ಮಾತು ತಿರುಗುತ್ತಿತ್ತು, ತಿಪ್ಪವ್ವ ಅನ್ನಲೋ, ಅವರು ಇಟ್ಟದ್ದು ಅನ್ನಲೋ. ಅವರು ಇಟ್ಟದ್ದು ತೊಟ್ಟಿಲ ಹಗ್ಗಕ್ಕೆ ಕಟ್ಟಿದ ಬಣ್ಣದ ಹಾಳೆಯ ಮೇಲಿದೆ, ಶಾನುಜಾ, ತಮ್ಮ ಪ್ರಶಾಂತನ ಹೆಸರಿನ ನಡುವಿಂದ ಒಂದಕ್ಷರ, ಅವನ ಹೆಂಡತಿ ತನುಜಾಳ ಬಾಲದಿಂದ ಎರಡು, ತುಂಡು ತುಂಡು ಹೊಲಿದ ಕೌದಿ, ಓದಿಸಿಕೊಂಡು ಕೇಳಿದ ಪಕ್ಕದ ಮನೆಯ ಭರಮವ್ವ, ಇದೇನಬೇ, ಗುಳಿಗಿ ಹೆಸರಿದ್ದಂಗ ಐತಿ, ಊಟಕ್ಕಿಂತ ಮೊದಲ ತಗೋಬೇಕೋ ಆಮ್ಯಾಲೋ, ಅಂದದ್ದಕ್ಕೆ ಪಡಸಾಲೆ ತುಂಬ ನಗೆ, ದಾನವ್ವನಿಗೆ ಮಾತ್ರ ನಗು ಬರಲಿಲ್ಲ, ಹೆಸರು ಅಂದರೆ ಹುಡುಗಾಟವೇ, ನಾಕು ವರ್ಷದ ಹಿಂದೆ ಇದೇ ತೊಟ್ಟಿಲು, ಇದೇ ಮಂದಿ, ತನುಜಾಳ ಮೊದಲ ಕೂಸಿಗೆ ಈಶ್ವರೀ ಅಂತ ಮೂರು ಸಲ ತಾನೇ ಕರೆದಿದ್ದಳಲ್ಲ, ಚಿನ್ನದಂಥ ಹೆಸರು, ದೇವರ ಹೆಸರು, ಇಪ್ಪತ್ತೊಂದನೆಯ ದಿನ ಮಣ್ಣಿಗೆ ಹೋಯಿತು, ಸೋದರತ್ತಿ ಬಾಯಿ ಛಲೋ ಇಲ್ಲ ಅಂತ ಎದುರಿಗೆ ಯಾರೂ ಅನ್ನಲಿಲ್ಲ, ಹಿಂದೆ ಎಲ್ಲರೂ ಅಂದರು. ಎರಡನೆಯದು ಒಂಬತ್ತು ದಿನಕ್ಕೇ, ಹೆಸರಿಡುವ ಮೊದಲೇ, ಹೆಸರಿಲ್ಲದ್ದಕ್ಕೆ ಏನಂತ ಅಳುವುದು, ಸೋಮವಾರ ಸೋಮವಾರ ಕೈಮುಗಿದು ಈಶ್ವರಿಯನ್ನು ನೋಡಿಕೋ ಶಿವನೇ ಅಂತಾಳೆ, ಆಮೇಲೆ, ಅದನ್ನೂ, ಅಂತಾಳೆ, ಅಷ್ಟೇ, ಅದನ್ನೂ.

ಅವ್ವ ಜಾಣೆ, ಮೂರು ಕಳಕೊಂಡ ಮೇಲೆ ತನ್ನನ್ನು ಹೆತ್ತ ಕೂಡಲೇ ಮಠಕ್ಕೆ ದಾನ ಕೊಟ್ಟು, ಮೊರದ ತುಂಬ ಜೋಳ ಸುರಿದು ಮರಳಿ ತಂದಳು, ಇದು ನಮ್ಮ ಕೂಸಲ್ಲ, ಮಂದಿದು, ಅಂತ ಸಾವಿನ ಮುಖಕ್ಕೇ ಸುಳ್ಳು ಹೇಳಿದಳು, ದಾನವ್ವ ಬದುಕಿದಳು, ಕಾಕಾ ಹುಚ್ಚಪ್ಪನೂ ತೊಂಬತ್ತು ದಾಟಿದ, ತಿಪ್ಪೆ, ಹುಚ್ಚು, ಕಲ್ಲು — ಅಂಥ ಹೆಸರಿನ ಬಾಗಿಲಿಗೆ ಬಂದ ಯಮನೂ ಮೂಗು ಮುಚ್ಚಿಕೊಂಡು ಹೋಗುತ್ತಾನೆ, ಅದಕ್ಕೇ ಈಗಷ್ಟೇ ಒಳಕೋಣೆಯಲ್ಲಿ ತನುಜಾಳ ಕೈ ಹಿಡಿದು ಕೇಳಿದ್ದು, ತಂಗೀ, ಸಿಟ್ಟಾಗಬ್ಯಾಡ, ಮಂದಿ ಮುಂದ ಏನರ ಕರೀರಿ, ಕಿವ್ಯಾಗ ಮಾತ್ರ ತಿಪ್ಪವ್ವ ಅಂತೇನಿ. ತನುಜಾ ಸಿಟ್ಟಾಗಲಿಲ್ಲ, ಕೂಸಿಗೆ ಕುಲಾವಿ ಕಟ್ಟುತ್ತ, ತಲೆ ಎತ್ತದೇ ಅಂದಳು, ಅಕ್ಕಾರ, ನಮ್ಮ ಓಣ್ಯಾಗ ತಿಪ್ಪವ್ವ ಅನ್ನಾಕಿ ಹ್ವಾದ ವರ್ಷ ಹೋದ್ಲು, ಮೂರು ವರ್ಷದಾಕಿ, ನಾ ತಿಂಗಳಗಟ್ಲೆ ಹುಡುಕೇನಿ, ಮೊಬೈಲಿನ್ಯಾಗ, ಅಂಗನವಾಡಿ ಪುಸ್ತಕದಾಗ, ಮದವಿ ಕಾರ್ಡಿನ್ಯಾಗ, ಈ ಹೆಸರಿನವ್ರು ಎಲ್ಲೂ ಇಲ್ರಿ, ಎಲ್ಲೂ ಇಲ್ಲಂದ್ರ ಯಾರೂ ಸತ್ತೂ ಇಲ್ರಿ. ಕುಲಾವಿಯ ದಾರ ಎರಡು ಸಲ ಅವಳ ಕೈಯಿಂದ ಜಾರಿತು, ದಾನವ್ವನೇ ಕಟ್ಟಿದಳು, ಕಟ್ಟುವಾಗ ಬೆರಳಿಗೆ ತಾಗಿದ್ದು ಇದೇ ಕಿವಿ, ಬೆಚ್ಚಗೆ.

ಗಳಿಗಿ ಮುರಿಯದ, ಮಡಿಕೆ ಬಿಚ್ಚದ ಹೊಸ ಸೀರಿ ಹಂಗ ಈ ಹೆಸರು, ಯಾರೂ ಉಟ್ಟಿಲ್ಲ, ಯಾರ ಬೆವರೂ ಹತ್ತಿಲ್ಲ, ಕರೆಯಲು ಬಂದವನಿಗೂ ನಾಲಿಗೆ ಹೊರಳುವುದಿಲ್ಲ, ಆಗಲಿ, ಹೆತ್ತವಳ ಮಾತೇ ಆಗಲಿ, ಶಿವನೇ, ಈ ಬಾಯಿ ಒಂದು ಸಲ ತಪ್ಪಿದೆ — ಕುರ್ರ್, ಶಾನುಜಾ, ಹುಬ್ಬು ಅಲುಗಿತು, ಕುರ್ರ್, ಶಾನುಜಾ, ತುಟಿ ಏನೋ ಹೀರಿತು, ಕುರ್ರ್, ಶಾನುಜಾ, ಗುದ್ದು ದಬದಬ ಬಿದ್ದವು, ನಗೆ, ಬಳೆಯ ಸಪ್ಪಳ, ಸಾಕೇಳಬೇ ಅಕ್ಕಾ ಅಂತ ಬಾಗಿಲಲ್ಲಿ ನಿಂತ ಪ್ರಶಾಂತ, ಹೇಗೆ ಏಳುವುದು, ಈಗಿನ ತನಕ ಈ ಹೆಸರಿನವರು ಯಾರೂ ಇರಲಿಲ್ಲ, ಸಾಯಲಿಕ್ಕೂ ಯಾರೂ ಇರಲಿಲ್ಲ, ಈಗ ಒಬ್ಬಾಕಿ ಇದ್ದಾಳೆ, ಈ ಬಾಯಿಂದಲೇ ಆದಾಕಿ, ಕೇಳಿಸಿತೇ, ಇವಳಿಗಷ್ಟೇ ಕೇಳಿಸಿತೇ, ಕರೆಯಲು ಬರುವವನಿಗೂ ಕೇಳಿಸಿತೇ, ಎಷ್ಟು ಸಣ್ಣದು, ಉಸಿರು ತಾಗಿ ಕೆಂಪಾದ ಕಿವಿ, ಕೆಂಪು ಕಿವಿ, ಕಿವಿ —