ಮುಂದೆ ಹೋದ ಪೆಟ್ಟಿಗೆ

ಮಲೆಬೆನ್ನೂರಿನಲ್ಲಿ ಹೈಸ್ಕೂಲು ಮುಗಿಸಿದವರು ಮುಂದೆ ಓದಬೇಕೆಂದರೆ ದಾವಣಗೆರೆಗೇ ಹೋಗಬೇಕಾಗಿದ್ದ ಕಾಲ ಅದು. ಉಜ್ಜನಪ್ಪಜ್ಜನ ಮೊಮ್ಮಗಳು ಶಕುಂತಲೆ ಎಸ್ಸೆಸ್ಸೆಲ್ಸಿ ಪಾಸಾಗಿದ್ದಳು. ಇರಲು ದಾವಣಗೆರೆಯಲ್ಲಿ ಸೋದರತ್ತೆಯ ಮನೆಯಿತ್ತು. ಕಾಲೇಜಿಗೆ ಸೇರಲು ಬುಧವಾರವೇ ಕಡೇ ದಿನ. ಅದು ತಪ್ಪಿತೋ, ಓದು ಅಲ್ಲಿಗೇ ಮುಗಿದಂತೆ. ಹದಡಿಯ ಗಂಡಿನ ಕಡೆಯವರು ಶ್ರಾವಣ ಕಳೆದ ಮೇಲೆ ಬರುತ್ತೇವೆಂದು ಹೇಳಿ ಕಳಿಸಿಯೂ ಆಗಿತ್ತು.

ಅಜ್ಜ ಸಹಿಯಷ್ಟೇ ಕಲಿತವನು. ಹುಡುಗಿ ಓದಲಿ ಎಂದು ಮನೆಯಲ್ಲಿ ಬಾಯಿಬಿಟ್ಟು ಹೇಳಿದವನೂ ಅವನೊಬ್ಬನೇ.

"ಬುಧವಾರ ಉತ್ತರಕ್ಕೆ ಹೋಗಬಾರದು," ಅಂದಳು ಹೆಂಡತಿ ಬಸವಣ್ಣೆಮ್ಮ. "ದಾವಣಗೆರೆ ಯಾವ ಕಡೀಗೈತೆ, ನೀವೇ ಹೇಳ್ರಿ."

"ಶರಣರು ಇದನ್ನೆಲ್ಲ ಬ್ಯಾಡ ಅಂದಾರಲ್ಲೇ."

"ಶರಣರಿಗೇನ್ರಿ, ಕಾಲೇಜಿಗೆ ಹೋಗೋ ಮೊಮ್ಮಗಳಿದ್ಲಾ?"

ಕೊನೆಗೆ ದಾರಿ ಹುಡುಕಿದವಳೂ ಅಜ್ಜಿಯೇ: ಪ್ರಸ್ಥಾನ ಇಡುವುದು. ಒಳ್ಳೆಯ ದಿನ ನೋಡಿ ಗಂಟುಮೂಟೆಯನ್ನು ಬೇರೆಯವರ ಮನೆಯಲ್ಲಿಟ್ಟರೆ ಪಯಣ ಅಂದೇ ಶುರುವಾದ ಹಾಗೆ. ಆಮೇಲೆ ಮನುಷ್ಯರು ಯಾವತ್ತು ಹೊರಟರೂ ದೋಷವಿಲ್ಲ. ಬರೀ ಬಟ್ಟೆ ಇಟ್ಟರೆ ಸಾಲದು, ಹೋಗುವ ಕೆಲಸದ್ದೇ ಏನಾದರೂ ಇರಬೇಕು ಎಂದು ಅಂಕಪಟ್ಟಿ, ಟಿ.ಸಿ. ಎಲ್ಲವನ್ನೂ ಟ್ರಂಕಿಗೆ ಹಾಕಿಸಿದಳು. ಬೀಗದ ಕೈ ಹುಡುಗಿಯ ಕೊರಳು ಸೇರಿತು. ಸೋಮವಾರ ಪೆಟ್ಟಿಗೆ ಉತ್ತರದ ಮಗ್ಗುಲಿನ ಖುದ್ದೂಸನ ಮನೆ ಸೇರಿತು. ಅವನು ಗಾಡಿ ಚಕ್ರ ರಿಪೇರಿ ಮಾಡುವವನು, ಬಲು ಉಪಕಾರಿ.

"ತಿರುಗಿ ನಮ್ಮ ಮನೀಗೆ ಮಾತ್ರ ಬರಬಾರದಪ್ಪ," ಎಂದು ಅಜ್ಜಿ ಎಚ್ಚರಿಸಿದಳು. "ಮುಂದಕ್ಕೇ ಹೋಗಬೇಕು."

ಖುದ್ದೂಸ್ ಅದನ್ನು ಮನಸ್ಸಿಗೆ ಹಚ್ಚಿಕೊಂಡ.

ಬುಧವಾರ ಬೆಳಿಗ್ಗೆ ಅಜ್ಜ ಪೆಟ್ಟಿಗೆ ಕೇಳಿದರೆ ಅವನು ಎದೆಯುಬ್ಬಿಸಿ ನಿಂತ. "ಫಿಕರ್ ಮಾಡಬ್ಯಾಡ್ರಿ ಅಜ್ಜಾರೆ. ನಮ್ಮನಿ ಏನು ಮಹಾ ಮುಂದೈತೆ? ನಿನ್ನೆ ಹರಿಹರಕ್ಕೆ ಹೋಗಿದ್ದೆ, ತಂಗಿ ಮನೇಲಿ ಇಟ್ಟು ಬಂದೆ!"

"ಒಳ್ಳೇದೇ ಆತು," ಅಂದಳು ಅಜ್ಜಿ.

ಕಾಗದಗಳೆಲ್ಲ ಅದರೊಳಗೇ ಇದ್ದವೆಂದು ಅಜ್ಜ ಹುಡುಗಿಯನ್ನು ಕರೆದುಕೊಂಡು ಹರಿಹರದ ಬಸ್ಸಿಗೆ ಓಡಿದ.

ಬಸ್ಸು ದಾರಿಯುದ್ದಕ್ಕೂ ಕೈ ಮಾಡಿದವರನ್ನೆಲ್ಲ ಹತ್ತಿಸಿಕೊಂಡು ಹರಿಹರ ಮುಟ್ಟಿತು. ಖುದ್ದೂಸನ ತಂಗಿ ದಿಲ್ಷಾದ್ ಬೇಗಂ ಬಾಗಿಲಲ್ಲೇ ನಕ್ಕಳು.

"ಪೆಟ್ಟಿಗೇನಾ? ನಮ್ಮವರು ಬೆಳಿಗ್ಗೆ ರೈಲಲ್ಲಿ ದಾವಣಗೆರೀಗೆ ತಗೊಂಡು ಹೋದ್ರಲ್ಲ! ಎಷ್ಟು ಮುಂದಕ್ಕೆ ಹೋದ್ರೆ ಅಷ್ಟು ಚಲೋ ಅಂತ ಅಣ್ಣ ಹೇಳಿದ್ದ. ಕಾಲೇಜಿಗೇ ಮುಟ್ಟಿಸ್ತೀನಿ ಅಂದ್ರು. ಕೂಡ್ರಿ, ಚಾ ಕುಡೀರಿ."

ಶಕುಂತಲೆಗೆ ನಗು ತಡೆಯಲಾಗಲಿಲ್ಲ. "ಅಜ್ಜ, ನಾನು ಮನೀಗೆ ಹೋಗ್ತೀನಿ, ಪೆಟ್ಟಿಗೆ ಓದಿಕೊಂಡು ಬರ್ಲಿ."

"ನಗು, ನಗು. ಹದಡಿಯವರು ಬಂದಾಗ ಹಿಂಗೇ ನಗು."

ಹುಡುಗಿಯ ನಗು ನಿಂತಿತು. ಅಂದದ್ದು ಹೆಚ್ಚಾಯಿತೆಂದು ಅಜ್ಜನಿಗೂ ಅನ್ನಿಸಿತು. ಚಹಾವನ್ನು ತಟ್ಟೆಗೆ ಸುರಿದು ನಿಂತಲ್ಲೇ ಕುಡಿದು, ಸಿಕ್ಕ ಲಾರಿ ಹತ್ತಿದರು.

ಕಾಲೇಜಿನ ಆಫೀಸಿನಲ್ಲಿ ಇನ್ನೂ ಜನರಿದ್ದರು. ಜಗಲಿಯ ಮೇಲೆ, ಜವಾನ ತೋಟಪ್ಪನ ಸ್ಟೂಲಿನ ಪಕ್ಕದಲ್ಲಿ ಟ್ರಂಕು ಕೂತಿತ್ತು.

"ಇದು ನಿಮ್ಮದೇನ್ರಿ?" ಅಂದ ತೋಟಪ್ಪ. "ಬೆಳಿಗ್ಗೆ ಒಬ್ರು ಸಾಬ್ರು ಬಂದು, ಇದನ್ನ ಮೊದ್ಲು ಸೇರಿಸ್ಕಳ್ರಿ, ಹುಡುಗಿ ಹಿಂದಿಂದ ಬರ್ತಾಳೆ ಅಂದ್ರು. ಯಾವ ಕ್ಲಾಸಿಗೆ ಸೇರಿಸ್ಲಿ ಅಂತ ಆಗಿಂದ ನೋಡ್ತಾ ಕೂತೀನಿ."

ಶಕುಂತಲೆ ಕೊರಳಿನ ದಾರ ಎಳೆದು ಬೀಗ ತೆಗೆದಳು. ಕಾಗದಗಳನ್ನು ಹಿಡಿದು ಒಳಗೆ ಓಡಿದಳು. ಅಜ್ಜ ಹಿಂದೆಯೇ ಹೋಗಿ, ತೋರಿಸಿದ ಕಡೆ ಸಹಿ ಮಾಡಿ ಬಂದ. ಟ್ರಂಕಿನ ಮೇಲೆಯೇ ಕೂತುಬಿಟ್ಟ.

ಹುಡುಗಿ ಹೊರಬಂದಾಗ ಮುಖವೇ ಎಲ್ಲವನ್ನೂ ಹೇಳುತ್ತಿತ್ತು.

"ಆತು ಅಜ್ಜ! ಏಳು, ಅತ್ತೆ ಮನೀಗೆ ಪೆಟ್ಟಿಗೆ ಒಯ್ಯಬೇಕು."

"ಹೂಂ."

"ಅಜ್ಜ, ಏಳು. ನಿನಗೆ ಊರಿಗೆ ಬಸ್ಸು ತಪ್ಪತೈತೆ."

"ತಡಿಯೇ. ಈ ಪೆಟ್ಟಿಗೀಗೆ ಮುಂದೆ ಹೋಗೋ ಅವಸರ, ನಿನಗೂ ಅದೇ."

ಅವಳು ಅವನ ಪಕ್ಕ ಕೂರಲು ನೋಡಿದಳು. ಅಜ್ಜ ಒಂದಿಷ್ಟು ಸರಿದು ಜಾಗ ಮಾಡಿಕೊಟ್ಟ, ಏಳಲಿಲ್ಲ.