ಬಿಡು ಅಂದದ್ದು ಯಾರು

ಮೂರು ದಿನದಿಂದ ಮೆಕ್ಯಾನಿಕ್ ಊಟಕ್ಕೆ ಕೂತಾಗಲೂ ಮಾತಾಡುತ್ತಿರಲಿಲ್ಲ. ಅವನ ಹಳೆಯ ಮೋಟಾರ್ ಸೈಕಲ್ಲಿನ ಎಂಜಿನ್ನು ಗ್ಯಾರೇಜಿನ ಬೆಂಚಿನ ಮೇಲೆ ಹೊಟ್ಟೆ ತೆರೆದುಕೊಂಡು ಕೂತಿತ್ತು. ಕರೆಂಟು ಹುಟ್ಟಿಸುವ ರೋಟರು, ಗ್ಯಾರೇಜಿನವರ ಬಾಯಲ್ಲಿ ಮ್ಯಾಗ್ನೆಟ್ಟು, ಶಾಫ್ಟಿನ ತುದಿಯನ್ನು ಕಚ್ಚಿಕೊಂಡು ಜಪ್ಪಯ್ಯ ಅಂದರೂ ಬಿಡುತ್ತಿರಲಿಲ್ಲ. ಸೀಮೆಎಣ್ಣೆ ಕುಡಿಸಿದ್ದಾಯಿತು, ಬಿಸಿ ಮುಟ್ಟಿಸಿದ್ದಾಯಿತು. ಬಿಸಿ ಹೆಚ್ಚಾದರೆ ಮ್ಯಾಗ್ನೆಟ್ಟಿನ ಶಕ್ತಿ ಹೋಗುತ್ತದೆ, ಅಡ್ಡಾದಿಡ್ಡಿ ಬಡಿದರೆ ಶಾಫ್ಟು ಕೆಡುತ್ತದೆ. ಅಂಥ ಶಾಫ್ಟು ಈಗ ಎಲ್ಲೂ ಸಿಗುವುದಿಲ್ಲ. ಅದು ಹೋದರೆ ಗಾಡಿ ಗುಜರಿಗೆ. ಮದುವೆಯಾದ ಹೊಸದರಲ್ಲಿ ಹೆಂಡತಿಯನ್ನು ಹಿಂದೆ ಕೂರಿಸಿಕೊಂಡು ಸುತ್ತಾಡಿದ ಗಾಡಿ ಅದು.

ಅದನ್ನು ಎಳೆದು ಬಿಡಿಸಲು ಪುಲ್ಲರ್ ಅಂತ ಒಂದು ಉಪಕರಣ ಬೇಕು, ಆದರೆ ಆ ಕಾಲದ ಥ್ರೆಡ್ಡಿಗೆ ಈಗಿನ ಪುಲ್ಲರ್ ಯಾವುದೂ ಕೂರುವುದಿಲ್ಲ. ಹೊಸದನ್ನೇ ಕಡೆಸಬೇಕು. ಲೇತು ಗೋಡೆಯಾಚೆಯೇ ಇತ್ತು. ಆದರೆ ಲೇತಿನವನು ಅವನ ಭಾಮೈದ, ಹೆಂಡತಿಯ ಸ್ವಂತ ತಮ್ಮ. ಕಷ್ಟವಿದ್ದದ್ದೇ ಅಲ್ಲಿ.

"ನೀನೇ ಒಂದು ಮಾತು ಹೇಳೇ ಅವನಿಗೆ," ಎಂದ ಮೆಕ್ಯಾನಿಕ್.

"ಮೂರು ವರ್ಷದಿಂದ ನಿಮ್ಮಿಬ್ಬರ ಮಧ್ಯೆ ಅಂಚೆ ಹಂಚಿ ಸಾಕಾಯ್ತು ನಂಗೆ," ಎಂದಳು ಹೆಂಡತಿ. "ಬೇಕಿದ್ರೆ ನೀವೇ ಹೋಗಿ ಕೇಳಿ. ಗೋಡೆಗೇನು ಬಾಗಿಲಿಲ್ವಾ?"

ಮೂರು ವರ್ಷದ ಹಿಂದೆ ಇಬ್ಬರೂ ಸೇರಿ ಒಂದು ಪಿನ್ನು ಬಿಡಿಸುತ್ತಿದ್ದರು. ಭಾವ ಪಿನ್ನಿನ ತಲೆಗೆ ಉಳಿಯಂಥ ಪಂಚ್ ಹಿಡಿದಿದ್ದ, ಭಾಮೈದನ ಕೈಯಲ್ಲಿ ಸುತ್ತಿಗೆ. ಪಂಚ್ ಜಾರಿತೆಂದು ಭಾವ "ಬಿಡು!" ಎಂದ. ಗ್ಯಾರೇಜಿನಲ್ಲಿ "ಬಿಡು" ಅಂದರೆ "ಸಾಕು, ಕೈಬಿಡು". ಲೇತಿನಲ್ಲಿ "ಬಿಡು" ಅಂದರೆ "ಬಿಡು ಒಂದು ಏಟು". ಭಾಮೈದ ಬಿಟ್ಟ. ಹೆಬ್ಬೆರಳು ಜಜ್ಜಿಹೋಯಿತು. ಆಸ್ಪತ್ರೆಗೆ ಬಂದ ನೆಂಟರಿಷ್ಟರ ಎದುರಿಗೆಲ್ಲ ಮೆಕ್ಯಾನಿಕ್ ಕೂಗಾಡಿದ್ದ: "ನಿಲ್ಲು ಅಂತ ಬಡ್ಕೊಂಡೆ, ಬೇಕೂಂತ್ಲೇ ಹೊಡ್ದ!" ಆ ಸುಳ್ಳು ನೋವಿನ ಭರದಲ್ಲಿ ಬಂದದ್ದು. ಆದರೆ ನೋವು ಹೋದ ಮೇಲೂ ಅವನು ಅದನ್ನು ತಿದ್ದಲಿಲ್ಲ. ದೊಡ್ಡವನೆಂಬ ಜಂಬ, ಬೇರೇನೂ ಅಲ್ಲ.

ಕೊನೆಗೂ ಹೋದ. ಭಾಮೈದ ಮುಖ ನೋಡಲಿಲ್ಲ, ಅಳತೆ ಮಾತ್ರ ನೋಡಿದ. ಮಧ್ಯಾಹ್ನದ ಹೊತ್ತಿಗೆ ಪುಲ್ಲರ್ ತಯಾರಾಗಿತ್ತು, ಅಂಚುಗಳನ್ನೆಲ್ಲ ಅರದಿಂದ ಸವರಿ, ಕೈಗೆ ತಾಗದ ಹಾಗೆ. ಅದನ್ನು ತಾನೇ ತಂದುಕೊಟ್ಟ.

"ಹೊಡೆಯೋಕೆ ಯಾರಿದ್ದಾರೆ?" ಎಂದ ಭಾಮೈದ, ಭಾವನ ಹೆಬ್ಬೆರಳು ನೋಡುತ್ತ.

ಯಾರೂ ಇರಲಿಲ್ಲ. ಪುಲ್ಲರಿನ ನಡುವಿನ ಬೋಲ್ಟು ಶಾಫ್ಟನ್ನು ಒತ್ತಿ ಹಿಡಿದಿರುವಾಗಲೇ ಅದರ ತಲೆಯ ಮೇಲೆ ನೆಟ್ಟಗೆ ಒಂದು ಏಟು ಬೀಳಬೇಕು. ಒಬ್ಬರು ಎರಡೂ ಕೈಯಲ್ಲಿ ಸ್ಪ್ಯಾನರು ಬಿಗಿಹಿಡಿಯಬೇಕು, ಇನ್ನೊಬ್ಬರು ಹೊಡೆಯಬೇಕು. ಹೆಬ್ಬೆರಳು ಜಜ್ಜಿದ ಮೇಲೆ ಮೆಕ್ಯಾನಿಕ್ಕಿನ ಬಲಗೈಯಲ್ಲಿ ಸುತ್ತಿಗೆ ನಿಲ್ಲುತ್ತಿರಲಿಲ್ಲ. ಹಿಡಿಯುವ ಕೆಲಸ ಅವನಿಗೇ ಬಂತು.

ಭಾಮೈದ ಮ್ಯಾಗ್ನೆಟ್ಟಿನ ಕೆಳಗೆ ಒಂದು ಹಳೆ ದಿಂಬು ಇಟ್ಟು ಸುತ್ತಿಗೆ ಎತ್ತಿಕೊಂಡ. ಎತ್ತಿದವನು ಇಳಿಸಿದ.

"ಏನು ಅಂದ್ರೆ ಹೊಡೀಬೇಕು ಹೇಳಿಬಿಡಿ ಭಾವ. ಆಮೇಲೆ ಮತ್ತೆ ಬೇಕೂಂತ ಹೊಡ್ದೆ ಅಂತ ಅನ್ನಿಸ್ಕೊಳ್ಳೋಕೆ ನನ್ನ ಕೈಲಾಗಲ್ಲ."

ಮೆಕ್ಯಾನಿಕ್ಕಿಗೆ ಸುತ್ತಿಗೆಗಿಂತ ಆ ಮಾತು ಜೋರಾಗಿ ತಗುಲಿತು. ಬೆರಳು ಹೋದದ್ದು ತನಗೆ, ಮಾನ ಹೋದದ್ದು ಇವನಿಗೆ. ಸ್ಪ್ಯಾನರಿನಿಂದ ಕಣ್ಣು ಕೀಳದೆ ಹೇಳಿದ:

"ಅವತ್ತು ನಾನು ನಿಲ್ಲು ಅಂದಿರ್ಲಿಲ್ಲ ಕಣೋ. ಬಿಡು ಅಂದಿದ್ದೆ. ನೀನು ಕೇಳಿಸ್ಕೊಂಡಿದ್ದೇ ಸರಿ. ಸುಳ್ಳು ಹೇಳಿದ್ದು ನಾನು."

ಒಳಬಾಗಿಲಲ್ಲಿ ನಿಂತಿದ್ದ ಹೆಂಡತಿ ಸೆರಗಿಗೆ ಕೈ ಒರೆಸಿಕೊಳ್ಳುತ್ತಿದ್ದವಳು ಹಾಗೇ ನಿಂತಳು. ಭಾಮೈದ ಸುತ್ತಿಗೆಯನ್ನು ಮತ್ತೆ ಎತ್ತಿಕೊಂಡ.

"ಈಗ ಒಂದು, ಎರಡು ಎಣಿಸ್ತೀನಿ. ಮೂರಕ್ಕೆ ಹೊಡಿ," ಎಂದ ಮೆಕ್ಯಾನಿಕ್. ಹೆಬ್ಬೆರಳನ್ನು ಮಡಚಿಕೊಳ್ಳಬೇಕೆನಿಸಿತು. ಮಡಚಲಿಲ್ಲ. "ಒಂದು. ಎರಡು. ಮೂರು."

ಠಣ್ ಎಂದು ಒಂದೇ ಏಟು. ಮ್ಯಾಗ್ನೆಟ್ಟು ಟಕ್ಕೆಂದು ಕಳಚಿ ದಿಂಬಿನ ಮೇಲೆ ಬಿತ್ತು. ಮೆಕ್ಯಾನಿಕ್ ಬಗ್ಗಿ ಶಾಫ್ಟಿನ ಮೇಲೆ ಉಗುರು ಆಡಿಸಿದ. ಒಂದು ಗೀರೂ ಇರಲಿಲ್ಲ. ಅವನಿಗೆ ಅಳು ಬಂತು, ತಡೆದುಕೊಳ್ಳಲೂ ಇಲ್ಲ.

"ನಾಳೇನೇ ಎಲ್ರಿಗೂ ಹೇಳ್ತೀನಿ ಕಣೋ. ಆಸ್ಪತ್ರೆಗೆ ಬಂದಿದ್ದ ಅಷ್ಟೂ ಜನಕ್ಕೆ."

ಭಾಮೈದ ಸುತ್ತಿಗೆಯನ್ನು ಬೆಂಚಿನ ಮೇಲೆ ಇಟ್ಟ.

"ಹೋಗ್ಲಿ, ಬಿಡಿ ಭಾವ."

ಹೇಳಿದ ಮೇಲೆ ತನ್ನ ಮಾತು ತನಗೇ ಕೇಳಿಸಿ ನಕ್ಕುಬಿಟ್ಟ. ಮೆಕ್ಯಾನಿಕ್ಕೂ ಕಣ್ಣೊರೆಸಿಕೊಳ್ಳುತ್ತಲೇ ನಕ್ಕ. ಇನ್ನೂ ಬಿಗಿಯಾಗಿ ಹಿಡಿದಿದ್ದ ಸ್ಪ್ಯಾನರನ್ನು ಆಗ ಕೆಳಗಿಟ್ಟ.