ಮೂಗುಮೇಸ್ತ್ರಿಯ ಸುಳ್ಳು

ಆ ಗ್ಯಾರೇಜಿಗೆ ಬೋರ್ಡು ಇರಲಿಲ್ಲ, ಬೇಕಾಗಿಯೂ ಇರಲಿಲ್ಲ. ಮೂಗುಮೇಸ್ತ್ರಿ ಎಲ್ಲಿ ಎಂದು ಕೇಳಿದರೆ ರಸ್ತೆಯಲ್ಲಿ ಯಾರಾದರೂ ಕೈ ತೋರಿಸುತ್ತಿದ್ದರು. ಅವನ ಮೂಗೇನೂ ದೊಡ್ಡದಲ್ಲ, ಎಲ್ಲರಿಗೂ ಇರುವಂಥದ್ದೇ. ಆದರೆ ಬಾನೆಟ್ ಎತ್ತಿ, ಕಣ್ಣು ಮುಚ್ಚಿ, ಎರಡು ಸಲ ಉಸಿರೆಳೆದು "ಕೂಲಂಟ್, ಎಡಗಡೆ ಪೈಪು" ಎಂದನೆಂದರೆ ಎಡಗಡೆಯ ಪೈಪೇ ಸೀಳಿರುತ್ತಿತ್ತು. ಸೋರಿಕೆ ಹುಡುಕುವುದಕ್ಕೆಂದೇ ಗಾಳಿ ತುಂಬಿ ಒತ್ತಡ ನೋಡುವ ಒಂದು ಕೈಪಂಪು ಅವನ ಹತ್ತಿರ ಇತ್ತು. ತಂದ ದಿನದಿಂದಲೂ ಅದು ಪೆಟ್ಟಿಗೆ ಬಿಟ್ಟು ಹೊರಗೆ ಬಂದಿರಲಿಲ್ಲ. "ಅದು ಮೂಗಿಲ್ಲದವರಿಗೆ" ಎಂದು ಅವನು ಕಿಸಕ್ಕನೆ ನಗುತ್ತಿದ್ದ.

ಏಳು ತಿಂಗಳ ಹಿಂದೆ ಒಂದು ಜ್ವರ ಬಂತು. ನಾಲ್ಕು ದಿನ ಮಲಗಿಸಿ ಹೊರಟುಹೋಯಿತು, ಹೋಗುವಾಗ ಮೂಗನ್ನೂ ಕಟ್ಟಿಕೊಂಡು ಹೋಯಿತು. ಪೆಟ್ರೋಲು, ಸುಟ್ಟ ರಬ್ಬರು, ಬೆವರು, ಸೋಪು, ಯಾವುದರ ವಾಸನೆಯೂ ಇಲ್ಲ. ಇಂದು ಬರುತ್ತದೆ, ನಾಳೆ ಬರುತ್ತದೆ ಎಂದು ಕಾದ. ಬರಲಿಲ್ಲ. ಯಾರಿಗೂ ಹೇಳಲಿಲ್ಲ, ಹೆಂಡತಿಗೂ ಹೇಳಲಿಲ್ಲ. ಬಾನೆಟ್ ಎತ್ತಿದಾಗ ಕಣ್ಣು ಮುಚ್ಚಿ ಉಸಿರೆಳೆಯುವ ನಾಟಕ ಮಾತ್ರ ಬಿಡಲಿಲ್ಲ. ಊಹೆಯಲ್ಲೇ ಬಾಳುವೆ ನಡೆಯಿತು, ಸರಿಯಾದಾಗ ಹೆಸರು ಉಳಿಯಿತು, ತಪ್ಪಾದಾಗ ಬಿಡಿಭಾಗದ ಮೇಲೆ ತಪ್ಪು ಹೊರಿಸಿದ. ನಿಜ ಹೇಳಬೇಕೆಂದರೆ ಅದು ಹೇಡಿತನವೇ. ಆದರೆ ಹೆಸರಿನ ಮುಂದೆಯೇ ಮೂಗು ಇಟ್ಟುಕೊಂಡವನ ಸಂಕಟ ಅವನಿಗೇ ಗೊತ್ತು.

ಆಮೇಲೆ ನರ್ಸಕ್ಕನ ಕಾರು ಬಂತು.

ನರ್ಸಕ್ಕ ಎಂದರೆ ಗುಡ್ಡದ ಮೇಲಿನ ಮನೆಗಳಿಗೆಲ್ಲ ಹೆರಿಗೆಗೆ ಹೋಗುವವಳು. ಕಾರು ಬಿಸಿಯೇರುತ್ತಿತ್ತು, ಇಂಜಿನ್ ತಣ್ಣಗಿಡುವ ಕೂಲಂಟ್ ನೀರು ಕಡಿಮೆಯಾಗುತ್ತಿತ್ತು, ಆದರೆ ನಿಂತ ಕಡೆ ನೆಲದ ಮೇಲೆ ಒಂದು ಹನಿಯೂ ಬೀಳುತ್ತಿರಲಿಲ್ಲ. ಮೇಸ್ತ್ರಿ ಮೊದಲ ಸಲ ರೇಡಿಯೇಟರ್ ಮುಚ್ಚಳ ಬದಲಿಸಿದ. ಎರಡನೇ ಸಲ ಮೇಲಿನ ಪೈಪು ಬದಲಿಸಿದ. ಮೂರನೇ ಸಲ ಅವಳು ಬಂದಾಗ ಮುಖ ಬಿಗಿದಿತ್ತು.

"ಮೇಸ್ತ್ರಿ, ಮೊನ್ನೆ ಏರಿನಲ್ಲಿ ನಿಂತುಬಿಡ್ತು. ಹಿಂದಿನ ಸೀಟಲ್ಲಿ ದಿನ ತುಂಬಿದ ಬಸುರಿ. ಏನೋ ದೇವರ ದಯೆ, ಒಂದು ಲಾರಿ ಸಿಕ್ತು. ಇನ್ನೊಂದು ಸಲ ಹೀಗಾದ್ರೆ ನನ್ನ ಕೈಲಿ ತಡಕೊಳ್ಳೋಕಾಗಲ್ಲ."

"ಈ ಸಲ ಬಿಡಲ್ಲ ನರ್ಸಕ್ಕ. ಸಂಜೆ ಬನ್ನಿ."

"ಮುಂದಿನ ಗಾಜು ಒಳಗಿಂದ ಮಂಜಾಗುತ್ತೆ, ಒರೆಸಿದ್ರೆ ಜಿಡ್ಡು. ಅದನ್ನೂ ಸ್ವಲ್ಪ ನೋಡಿ."

"ಅದು ಧೂಳು ಬಿಡಿ" ಎಂದುಬಿಟ್ಟ. ಮೂಗು ಇದ್ದ ಕಾಲದ ಮೇಸ್ತ್ರಿ ಆ ಮಾತಿಗೆ ಕಿವಿ ನಿಮಿರಿಸುತ್ತಿದ್ದ.

ಅವಳು ಹೋದ ಮೇಲೆ ಬಾನೆಟ್ ಎತ್ತಿದ. ನೆಲಕ್ಕೆ ಬೀಳದ ಕೂಲಂಟ್ ಇಂಜಿನ್ನೊಳಗೇ ಸೋರಿ ಸುಟ್ಟುಹೋಗುತ್ತಿರಬೇಕು ಎಂದು ಲೆಕ್ಕ ಹಾಕಿದ. ಹಾಗಾದರೆ ಇಂಜಿನ್ನಿನ ತಲೆ ಬಿಚ್ಚಬೇಕು. ಎರಡು ದಿನದ ಕೆಲಸ, ಊಹೆ ಸುಳ್ಳಾದರೆ ಒಳ್ಳೆಯ ಇಂಜಿನ್ನಿಗೆ ಕೈಯಾರೆ ರೋಗ ತಂದಂತೆ. ಮೂರನೇ ಸಲವೂ ತಪ್ಪಿದರೆ ಶಟರ್ ಎಳೆದು ಮನೆಗೆ ಹೋಗುವುದು, ಮತ್ತೆ ತೆಗೆಯುವುದು ಬೇಡ ಎಂದು ತನಗೆ ತಾನೇ ಹೇಳಿಕೊಂಡ. ಇಷ್ಟಾದರೂ ಪಂಪಿನ ಪೆಟ್ಟಿಗೆಯ ಕಡೆ ತಿರುಗಲಿಲ್ಲ. ಅದನ್ನು ತೆಗೆದರೆ ಎದುರಿನ ಟೈರಿನಂಗಡಿಯವನು ನೋಡುತ್ತಾನಲ್ಲ! ಸ್ಪ್ಯಾನರ್ ಹಿಡಿದು ಮೊದಲ ಬೋಲ್ಟಿಗೆ ಕೈಯಿಟ್ಟ.

ಅಷ್ಟರಲ್ಲಿ ಹೆಂಡತಿ ಊಟದ ಡಬ್ಬಿ ತಂದಳು. ಕೂರಲು ಬೇರೆ ಜಾಗವಿಲ್ಲದೆ ಕಾರಿನ ಮುಂದಿನ ಸೀಟಿನಲ್ಲಿ, ಡ್ರೈವರಿನ ಪಕ್ಕದಲ್ಲಿ ಕೂತಳು. ಕೂತವಳು ಮುಖ ಕಿವುಚಿದಳು.

"ಏನ್ರೀ ಇದು, ಸಿಹಿಸಿಹಿ ವಾಸನೆ! ಯಾರಾದ್ರೂ ಶರಬತ್ತು ಚೆಲ್ಲಿದ್ದಾರಾ?"

ಮೇಸ್ತ್ರಿಯ ಕೈ ನಿಂತಿತು. ಬೋಲ್ಟು ಇನ್ನೂ ಕದಲಿರಲಿಲ್ಲ. ಕೂಲಂಟಿನ ವಾಸನೆಯೂ ಸಿಹಿಯೇ.

"ಹ್ಞಾಂ, ನನಗೂ ಬಂತು" ಎಂದ, ಅಭ್ಯಾಸಬಲ.

"ಎಲ್ಲಿಂದ ಬಂತು, ಹೇಳಿ ನೋಡೋಣ?"

ಅವನು ಇಂಜಿನ್ನಿನ ಕಡೆ ಕೈ ತೋರಿಸಿದ. ಅವಳು ಡಬ್ಬಿಯನ್ನು ಪಕ್ಕಕ್ಕಿಟ್ಟಳು.

"ರೀ, ಸಾಕು ಮಾಡಿ. ಆರು ತಿಂಗಳಿಂದ ನನಗೆ ಗೊತ್ತು. ಸೀದುಹೋದ ಹಾಲಲ್ಲಿ ಕಾಫಿ ಮಾಡಿಕೊಟ್ಟೆ, ಘಮಘಮ ಅಂತಿದೆ ಅಂದ್ರಲ್ಲ."

ಮೇಸ್ತ್ರಿ ಇಂಗು ತಿಂದ ಮಂಗನ ಹಾಗೆ ನಿಂತ.

"ಗೊತ್ತಿದ್ದೂ ಸುಮ್ಮನಿದ್ಯಾ?"

"ನೀವೇ ಹೇಳ್ತೀರಿ ಅಂತ ಕಾದೆ. ನನಗೆ ಹೇಳೋಕೂ ನಾಚಿಕೆಯಾ? ಮದುವೆಯಾಗಿ ಇಪ್ಪತ್ತಾರು ವರ್ಷ, ನಾನೇನು ಗಿರಾಕಿಯಾ?"

ಅವಳ ದನಿಯಲ್ಲಿ ಸಿಟ್ಟಿತ್ತು, ಸಿಟ್ಟಿನ ಕೆಳಗೆ ನೋವಿತ್ತು. ಮೇಸ್ತ್ರಿ ಸ್ಪ್ಯಾನರ್ ಕೆಳಗಿಟ್ಟ. "ವಾಸನೆ ಬರ್ತಿಲ್ಲ ಕಣೇ" ಎಂದ. "ಏನೂ ಬರ್ತಿಲ್ಲ. ಭಯ ಆಗ್ತಿದೆ." ಏಳು ತಿಂಗಳು ಹೊತ್ತದ್ದು ನಾಲ್ಕು ಮಾತಿನಲ್ಲಿ ಮುಗಿದುಹೋಯಿತಲ್ಲ ಎಂದು ಅವನಿಗೇ ಆಶ್ಚರ್ಯವಾಯಿತು.

ಹೆಂಡತಿ ಸೆರಗಿನಿಂದ ಕಣ್ಣೊತ್ತಿಕೊಂಡು ತಕ್ಷಣ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದಳು. "ಸರಿ. ಈಗ ಹೇಳಿ, ನಾನು ಎಲ್ಲಿ ಮೂಗಿಡಬೇಕು?"

ಮೇಸ್ತ್ರಿ ಪೆಟ್ಟಿಗೆ ತೆಗೆದ. ಇಂಜಿನ್ ತಣ್ಣಗಿದೆಯೇ ಎಂದು ಮುಟ್ಟಿ ನೋಡಿ, ಮುಚ್ಚಳ ಬಿಚ್ಚಿ, ರೇಡಿಯೇಟರಿನ ಬಾಯಿಗೆ ಪಂಪು ಕೂರಿಸಿ ಗಾಳಿ ಒತ್ತಿದ. ಪಂಪಿನ ಒತ್ತಡದ ಮುಳ್ಳು ಮೇಲೇರಿತು, ಒಂದು ನಿಮಿಷ ನಿಂತಿತು, ಆಮೇಲೆ ನಿಧಾನ ಇಳಿಯತೊಡಗಿತು. ಎಲ್ಲೋ ಸೋರುತ್ತಿರುವುದಂತೂ ಖಂಡಿತ. ಟೈರಿನಂಗಡಿಯವನು ನೋಡಿದ, ಬಾಯಿ ಬಿಟ್ಟುಕೊಂಡೇ ನೋಡಿದ. ನೋಡಲಿ ಬಿಡು ಎಂದುಕೊಂಡ ಮೇಸ್ತ್ರಿ.

ಹೆಂಡತಿ ಇಂಜಿನ್ನಿನ ಸುತ್ತ ಬಗ್ಗಿ ಮೂಸಿದಳು. ಅಲ್ಲಿಲ್ಲ. ಚಕ್ರದ ಹತ್ತಿರ ಇಲ್ಲ. ಕಾರಿನೊಳಗೆ ಹೋಗಿ ಡ್ಯಾಶ್‌ಬೋರ್ಡಿನ ಕೆಳಗೆ ತಲೆ ತೂರಿಸಿದವಳು ಅಲ್ಲಿಂದಲೇ ಕೂಗಿದಳು:

"ಇಲ್ಲೇ ರೀ! ಮೂಗಿಗೆ ಹೊಡೀತಿದೆ. ಕಾಲಡಿ ಕಾರ್ಪೆಟ್ಟೂ ಒದ್ದೆ!"

ಮೇಸ್ತ್ರಿ ಕೈಯಾಡಿಸಿದ. ಬೆರಳಿಗೆ ಕೂಲಂಟಿನ ಹಸಿರು ಜಿಡ್ಡು ಮೆತ್ತಿತು. ತಲೆಯಲ್ಲಿ ಎಲ್ಲ ಸರಿಯಾಗಿ ಕೂತಿತು. ಕಾರಿನ ಒಳಗನ್ನು ಬೆಚ್ಚಗಿಡುವ ಹೀಟರಿನ ಪುಟ್ಟ ರೇಡಿಯೇಟರ್ ತೂತಾಗಿದೆ. ಅದಕ್ಕೇ ಹೊರಗೆ ಹನಿಯಿಲ್ಲ, ಅದಕ್ಕೇ ಗಾಜಿಗೆ ಜಿಡ್ಡು ಮಂಜು. ನರ್ಸಕ್ಕ ಬಾಯಿಬಿಟ್ಟು ಹೇಳಿದ್ದಳು, ಇವನು ಧೂಳು ಎಂದಿದ್ದ! ತನ್ನ ಹಣೆಗೆ ತಾನೇ ಹೊಡೆದುಕೊಂಡ, ಹಣೆಯೂ ಹಸಿರಾಯಿತು. ಹೆಂಡತಿ ಹೊಟ್ಟೆ ಹಿಡಿದುಕೊಂಡು ನಕ್ಕಳು.

ಹೊಸ ಹೀಟರ್ ತರಿಸಲು ವಾರ ಬೇಕು. ಅಲ್ಲಿಯವರೆಗೆ ಹೀಟರಿಗೆ ಹೋಗುವ ಎರಡೂ ಪೈಪುಗಳನ್ನು ಬಿಚ್ಚಿ, ಕೂಲಂಟ್ ಅತ್ತ ಹೋಗದ ಹಾಗೆ ಒಂದಕ್ಕೊಂದು ಜೋಡಿಸಿ ಕ್ಲಿಪ್ಪು ಬಿಗಿದ. ಮತ್ತೆ ಪಂಪು ಒತ್ತಿದ. ಈ ಸಲ ಮುಳ್ಳು ಅಲುಗಲಿಲ್ಲ. ಹೊಸ ಕೂಲಂಟ್ ತುಂಬಿ, ಮುಚ್ಚಳ ತೆರೆದಿಟ್ಟೇ ಇಂಜಿನ್ ಓಡಿಸಿ, ಒಳಗೆ ಸಿಕ್ಕಿಕೊಂಡ ಗಾಳಿಯ ಗುಳ್ಳೆಗಳೆಲ್ಲ ಹೋಗುವವರೆಗೆ ಕಾದ. ಆಮೇಲೆ ಇಬ್ಬರೂ ಏರಿನ ರಸ್ತೆಯಲ್ಲಿ ಎರಡು ಸಲ ಹೋಗಿಬಂದರು. ಬಿಸಿಯ ಮುಳ್ಳು ಅರ್ಧ ದಾಟಲಿಲ್ಲ. ಊಟದ ನೆನಪು ಇಬ್ಬರಿಗೂ ಆಗಲೇ ಬಂದದ್ದು.

ಸಂಜೆ ನರ್ಸಕ್ಕ ಬಂದಳು. ಏನಾಗಿತ್ತು ಎಂದು ಕೇಳಿ ತಿಳಿದ ಮೇಲೆ ಅವಳ ಮುಖ ಅರಳಿತು.

"ಅಂತೂ ಹಿಡಿದ್ರಿ! ನಿಮ್ಮ ಮೂಗು ಅಂದ್ರೆ ಮೂಗು, ಮೇಸ್ತ್ರಿ."

ಸುಮ್ಮನೆ ನಕ್ಕಿದ್ದರೆ ಆಗುತ್ತಿತ್ತು. ಹೆಂಡತಿ ಡಬ್ಬಿಯ ಮುಚ್ಚಳ ಒರೆಸುವ ನೆಪದಲ್ಲಿ ಆಚೆ ತಿರುಗಿದಳು, ಸುಳ್ಳಿಗೆ ದಾರಿ ಬಿಟ್ಟುಕೊಟ್ಟಳು. ಮೇಸ್ತ್ರಿ ಒಂದು ಕ್ಷಣ ಆ ದಾರಿ ನೋಡಿದ.

"ನನ್ನ ಮೂಗು ಹೋಗಿ ಏಳು ತಿಂಗಳಾಯ್ತು ನರ್ಸಕ್ಕ. ಎರಡು ಸಲ ನಿಮಗೆ ಸುಳ್ಳು ಹೇಳಿದೆ, ಅದಕ್ಕೇ ನೀವು ಏರಿನಲ್ಲಿ ನಿಂತಿದ್ದು. ಇದನ್ನ ಹಿಡಿದಿದ್ದು ಇವಳು."

ನರ್ಸಕ್ಕ ಅವನನ್ನು ನೋಡಿದಳು, ಹಸಿರು ಹಣೆ ನೋಡಿದಳು, ಅವನ ಹೆಂಡತಿಯನ್ನು ನೋಡಿದಳು. ಸಿಟ್ಟು ಬಂದಿತ್ತು, ಬಂದದ್ದು ಕಾಣಿಸಿತು. ಕಾರು ಹತ್ತಿ, ಬಾಗಿಲು ದಢಾರನೆ ಹಾಕಿ, ಇಂಜಿನ್ ಶುರು ಮಾಡಿದಳು. ಮೇಸ್ತ್ರಿ ತಲೆ ತಗ್ಗಿಸಿದ.

ಕಾರು ಹೊರಡಲಿಲ್ಲ. ಕಿಟಕಿಯ ಗಾಜು ಇಳಿಯಿತು.

"ಹೊಸ ಹೀಟರ್ ಹಾಕಿಸೋಕೆ ಯಾವತ್ತು ಬರ್ಲಿ? ಅವರು ಇರೋ ದಿನ ಹೇಳಿ."

ಮೇಸ್ತ್ರಿ ಹೆಂಡತಿಯ ಕಡೆ ನೋಡಿದ. ಅವಳು ಡಬ್ಬಿಯನ್ನು ಬೆಂಚಿನ ಮೇಲಿಟ್ಟು, ಅವನಿಗಲ್ಲ, ನೇರ ನರ್ಸಕ್ಕನಿಗೇ ಉತ್ತರ ಕೊಟ್ಟಳು:

"ಯಾವತ್ತು ಬೇಕಾದ್ರೂ ಬನ್ನಿ ಅಕ್ಕ. ಇನ್ನು ದಿನಾ ಇರ್ತೀನಿ."